ಮಾಮಾನ ಪೆನ್ನಿಗೆ ಇನ್ನೊಂದು ನಿಬ್ಬು

ದಾದರಿನಲ್ಲಿ ನಾನು ಕೆಲಸಕ್ಕಿದ್ದ ಪೆನ್ನಿನ ಅಂಗಡಿ ಒಂದು ಹೋಟೆಲಿನ ಮೆಟ್ಟಿಲ ಕೆಳಗಿತ್ತು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತಿತ್ತು. ಹಾಗಾಗಿ ಅಂಗಡಿ ತೆರೆದಾಗ ಕೂತವನು ಮುಚ್ಚುವಾಗಲೇ ಏಳುತ್ತಿದ್ದೆ. ಮಾಲಕರು ಉಡುಪಿ ಕಡೆಯವರು, ಮೇಲಿನ ಹೋಟೆಲು ಅವರ ಅಣ್ಣನದು. ಸಾಂಬಾರಿನ ವಾಸನೆ, ಶಾಯಿಯ ವಾಸನೆ ಎರಡೂ ಸೇರಿ ನನ್ನ ಅಂಗಿಗೆ ಹತ್ತಿದ್ದು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ಪಕ್ಕ ಕೂತವರು ಮೂಗು ಅರಳಿಸಿ ನನ್ನನ್ನೊಮ್ಮೆ ನೋಡಿ, ಏನು ವಾಸನೆಯೆಂದು ತಿಳಿಯದೆ ಸುಮ್ಮನಾಗುತ್ತಿದ್ದರು.

ಹೊಸ ಪೆನ್ನು ಕೊಳ್ಳುವವರು ನಮ್ಮಲ್ಲಿಗೆ ಬರುವುದು ಅಪರೂಪ. ಬರುವವರೆಲ್ಲ ಮುರಿದದ್ದನ್ನು ಹಿಡಿದುಕೊಂಡೇ ಬರುವವರು. ಒಬ್ಬರ ಪೆನ್ನಿನ ಟೋಪಿ ಸೀಳಿರುತ್ತಿತ್ತು, ಇನ್ನೊಬ್ಬರದು ನೆಲಕ್ಕೆ ಬಿದ್ದು ನಿಬ್ಬು ಸೊಟ್ಟಗಾಗಿರುತ್ತಿತ್ತು. ನಮ್ಮಲ್ಲಿ ಒಂದು ಬಿಸ್ಕೀಟಿನ ಡಬ್ಬಿಯ ತುಂಬ ಸತ್ತ ಪೆನ್ನುಗಳಿದ್ದವು. ಒಂದರ ನಿಬ್ಬು ಕಿತ್ತು ಇನ್ನೊಂದಕ್ಕೆ ಹಾಕುವುದು, ಅದಕ್ಕೆ ನಾಲಿಗೆ ಕೂಡದಿದ್ದರೆ ಮತ್ತೊಂದರದು ತೆಗೆಯುವುದು, ಇದೇ ನನ್ನ ಕೆಲಸ. ನಾಲಿಗೆ ಎಂದರೆ ನಿಬ್ಬಿನ ಅಡಿಗೆ ಒತ್ತಿ ಕೂರುವ ಕಪ್ಪು ತುಂಡು, ಶಾಯಿಯನ್ನು ಹದವಾಗಿ ತುದಿಗೆ ಇಳಿಸುವುದು ಅದೇ. ಬಿಸಿನೀರಿನಲ್ಲಿ ಅದ್ದಿ, ಬಟ್ಟೆಯ ಚೂರಿನಲ್ಲಿ ಹಿಡಿದು ಎಳೆದರೆ ನಿಬ್ಬು ನಾಲಿಗೆ ಎರಡೂ ಒಟ್ಟಿಗೆ ಕೈಗೆ ಬರುತ್ತವೆ. ಮಾತುಮಾತಿಗೆ ಜಾತಿ ಕೇಳುತ್ತಿದ್ದ ನಮ್ಮ ಗಿರಾಕಿಗಳು ಪೆನ್ನಿನ ವಿಷಯಕ್ಕೆ ಬಂದರೆ ಮಾತ್ರ ಇದು ಯಾರ ಮನೆಯ ಟೋಪಿ, ಯಾರ ಮನೆಯ ನಾಲಿಗೆ ಎಂದು ಕೇಳುತ್ತಿರಲಿಲ್ಲ.

ಅಂಗಡಿಯಲ್ಲಿ ಒಂದು ಕಟ್ಟುಪಾಡು ಇತ್ತು. ರಿಪೇರಿ ಮಾಡಿದವನು ಆ ಪೆನ್ನಿನಿಂದ ಬರೆಯಬಾರದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪೆನ್ನಿಗೆ ನಿಬ್ಬು ಕೂರಿಸಿ ಖುಷಿಯಿಂದ ಹಳೆಯ ಪೇಪರಿನ ಅಂಚಿನ ಮೇಲೆ ಗೀಚಲು ಹೋದಾಗ ಮಾಲಕರು ಕೈ ಹಿಡಿದರು.

“ಬರೆದು ನೋಡ್ಲಿಕ್ಕಿಲ್ಲ ಮಾರಾಯ. ನಿಬ್ಬು ಮೊದಲು ಬರೆದವನ ಕೈಗೆ ಒಗ್ಗಿ ಹೋಗ್ತದೆ. ಆಮೇಲೆ ಅವರ ಕೈಗೆ ಅದು ಬರುದಿಲ್ಲ.”

ಆದ್ದರಿಂದ ನಾವು ಶಾಯಿ ಇಳಿಯುತ್ತದೋ ಇಲ್ಲವೋ ಎಂಬುದನ್ನು ಎಡಗೈ ಹೆಬ್ಬೆರಳಿನ ಉಗುರಿಗೆ ತುದಿ ತಾಗಿಸಿ ನೋಡುತ್ತಿದ್ದೆವು. ಉಗುರಿನ ಮೇಲೆ ಚುಕ್ಕೆ ಮೂಡಿದರೆ ಸರಿ. ಆಮೇಲೆ ಪೆನ್ನನ್ನು ಗಿರಾಕಿಯ ಕೈಗೆ ಕೊಡುವುದು, ಅವರೇ ಮೊದಲ ಅಕ್ಷರ ಬರೆಯುವುದು. ನಮ್ಮವರಾದರೆ ಶ್ರೀ ಎಂದು ಬರೆಯುತ್ತಿದ್ದರು, ಉಳಿದವರು ತಮ್ಮ ಸಹಿ ಹಾಕುತ್ತಿದ್ದರು. ಇದರಲ್ಲಿ ಅರ್ಧ ನಂಬಿಕೆ, ಅರ್ಧ ವ್ಯಾಪಾರ. ಅಕ್ಷರ ಕೆಟ್ಟರೆ ನಮ್ಮ ಮೇಲೆ ಬರುವುದಿಲ್ಲವಲ್ಲ. ನನಗೆ ಇದು ಗೊತ್ತಾದ ಮೇಲೂ ನಾನು ಆ ರೂಢಿಯನ್ನು ಬಿಡಲಿಲ್ಲ.

ನಾನು ಇದ್ದದ್ದು ಪರೇಲಿನಲ್ಲಿ, ಸೋದರಮಾವನ ಮನೆಯಲ್ಲಿ. ತಂದೆ ತೀರಿಕೊಂಡ ಮೇಲೆ ಧಾರವಾಡದಿಂದ ನನ್ನನ್ನು ಕರೆತಂದು ಸಾಕಿದವರು ಅವರೇ. ಮಾಮಾ ಒಂದು ಬಟ್ಟೆ ಗಿರಣಿಯವರ ಫೋರ್ಟ್ ಕಡೆಯ ಆಫೀಸಿನಲ್ಲಿ ಬರವಣಿಗೆಯ ಗುಮಾಸ್ತರು. ಬರವಣಿಗೆಯೆಂದರೆ ಲೆಕ್ಕಪತ್ರ ಬರೆಯುವುದಲ್ಲ. ಗಿರಣಿಯ ಷೇರು ಕೊಂಡವರಿಗೆ ದಪ್ಪ ಕಾಗದದ ಷೇರುಪತ್ರ ಕೊಡುತ್ತಾರಲ್ಲ, ಅದರ ಮೇಲೆ ಅವರ ಹೆಸರನ್ನು ಇಂಗ್ಲಿಷಿನಲ್ಲಿ ದುಂಡಗೆ, ಎಲ್ಲಿಯೂ ಪೆನ್ನು ತಡೆಯದ ಹಾಗೆ ಬರೆಯುವುದು. ಇಡೀ ಆಫೀಸಿನಲ್ಲಿ ಆ ಕುರ್ಚಿಯಲ್ಲಿ ಕೂರುವ ಅಕ್ಷರ ಇದ್ದದ್ದು ಅವರಿಗೆ ಮಾತ್ರ. ಪ್ರತಿ ಪತ್ರದ ಮೇಲೂ ನಂಬರು ಅಚ್ಚಾಗಿರುತ್ತಿತ್ತು. ಕೆಟ್ಟರೆ ಹರಿದು ಬಿಸಾಡುವಂತಿಲ್ಲ, ಅಡ್ಡಗೆರೆ ಎಳೆದು ಹೆಡ್ ಕ್ಲಾರ್ಕರ ಮುಂದೆ ತಗೊಂಡು ಹೋಗಿ ಇಡಬೇಕು. ಮಾಮಾ ಹಾಗೆ ಇಟ್ಟದ್ದು ಕಡಿಮೆ, ಮತ್ತು ಆ ಮಾತನ್ನು ಮನೆಗೆ ಬಂದವರೆದುರು ಹೇಳದೆ ಬಿಟ್ಟದ್ದೂ ಕಡಿಮೆ. ಸ್ವಲ್ಪ ಜಂಬದ ಮನುಷ್ಯ. ಬಾಜಾರದಿಂದ ತಂದ ಉಪ್ಪಿನ ಪೊಟ್ಟಣದ ಕಾಗದದ ಮೇಲಿನ ಬರಹವನ್ನೂ ಬಿಡಿಸಿ ನೋಡಿ, ಇವನಿಗೆ ಮಾಸ್ತರರು ಹೊಡೆಯಲೇ ಇಲ್ಲ ಎನ್ನುತ್ತಿದ್ದರು.

ನಾವಿದ್ದ ಚಾಳು ಗಿರಣಿಯದೇ. ಕೆಲಸ ಇರುವ ತನಕ ಖೋಲಿ, ಕೆಲಸ ಹೋದರೆ ಖೋಲಿ ಖಾಲಿ ಮಾಡಬೇಕು. ಮಾಮಾ, ಮಾಮಿ, ಇನ್ನೂ ಸಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ನಾನು, ಎಲ್ಲರೂ ಆ ಒಂದು ಖೋಲಿಯಲ್ಲಿ. ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಗಿರಣಿಯ ಹೊಗೆಯ ಕರಿ ಕೂರುತ್ತಿತ್ತು. ಮಾಮಿ ದಿನವೂ ಬೈಯುತ್ತಲೇ ಅದನ್ನು ಜಾಡಿಸಿ ಮಡಚುತ್ತಿದ್ದರು. ಹಾಗೆ ಬೈಯುವುದಕ್ಕಾದರೂ ಒಂದು ಗ್ಯಾಲರಿ ಇತ್ತು.

ಮೊದಲು ಗೊತ್ತಾದದ್ದು ಬಸಿಯಿಂದ. ಮಾಮಾ ಚಹಾವನ್ನು ಯಾವಾಗಲೂ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಸದ್ದು ಮಾಡಿ ಕುಡಿಯುವವರು. ಒಂದು ದಿನ ಬಸಿ ಬೇಡವೆಂದರು. ಕಪ್ಪನ್ನೇ ಎರಡೂ ಕೈಯಲ್ಲಿ ಹಿಡಿದು, ತುಟಿಯನ್ನು ಅದರ ಹತ್ತಿರ ತಂದು ಕುಡಿದರು. ಇಷ್ಟು ಸುಡುವ ಚಹಾ ಹಾಗೇಕೆ ಕುಡಿಯುತ್ತೀರಿ ಎಂದು ಮಾಮಿ ಕೇಳಿದ್ದಕ್ಕೆ ಬಸಿಯಲ್ಲಿ ಚಹಾ ಆರಿಹೋಗುತ್ತದೆ ಎಂದರು. ಆಮೇಲೆ ದಾಡಿ ಮಾಡಿಕೊಂಡಾಗ ಗದ್ದದ ಮೇಲೆ ಗಾಯಗಳು ಬಂದವು. ಬ್ಲೇಡು ಹಾಳು ಮಾಡಿದ್ದಾರೆ ಈ ಕಂಪನಿಯವರು ಎಂದರು. ಅದಾದ ಮೇಲೆ ಒಂದು ರವಿವಾರ ತಮ್ಮ ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಮುಂದೆ ಇಟ್ಟರು. ನಿಬ್ಬು ಕೆಟ್ಟಿದೆ, ಬದಲಿ ಮಾಡಿಕೊಡು ಎಂದರು.

ಆ ಪೆನ್ನನ್ನು ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಬರವಣಿಗೆಯ ಕುರ್ಚಿ ಸಿಕ್ಕಾಗ ಕೊಂಡ ವಿಲಾಯತಿ ಪೆನ್ನು ಅದು. ನಾನು ಕಿಟಕಿಯ ಬೆಳಕಿಗೆ ಹಿಡಿದು ನಿಬ್ಬು ನೋಡಿದೆ. ತುದಿ ಸಮವಾಗಿತ್ತು, ಸೀಳು ನೇರವಾಗಿತ್ತು. ಇಷ್ಟು ವರ್ಷ ಒಂದೇ ಕೈಯಲ್ಲಿ ಸವೆದ ನಿಬ್ಬು ಹೇಗೆ ಇರಬೇಕೋ ಹಾಗೇ ಇತ್ತು. ಏನೂ ಆಗಿಲ್ಲವಲ್ಲ ಎಂದು ಹೇಳಲು ಬಾಯಿ ತೆರೆದವನು ಮಾಮಾನ ಮುಖ ನೋಡಿ ಸುಮ್ಮನಾದೆ. ಅವರು ನನ್ನ ಕೈಯನ್ನು ನೋಡುತ್ತಿದ್ದರು, ಡಾಕ್ಟರು ನಾಡಿ ಹಿಡಿದಾಗ ರೋಗಿ ಡಾಕ್ಟರನ್ನು ನೋಡುತ್ತಾನಲ್ಲ, ಹಾಗೆ. ತುದಿ ಸ್ವಲ್ಪ ಸವೆದಿದೆ ಎಂದೆ. ಅವರ ಮುಖ ಬಿಚ್ಚಿತು.

ಡಬ್ಬಿಯಿಂದ ಬೇರೆ ನಿಬ್ಬು ತಂದು ಹಾಕಿದೆ. ಉಗುರಿಗೆ ತಾಗಿಸಿ ನೋಡಿ ಕೊಟ್ಟೆ. ಅವರು ಶ್ರೀ ಬರೆದು, ಇಂಗ್ಲಿಷಿನ ದೊಡ್ಡ ಎಸ್ ಒಂದನ್ನು ಎಳೆದು ಸಮಾಧಾನವಾಯಿತೆಂದರು. ಅಕ್ಷರದ ಅಂಚು ನಡುಗಿದ್ದು ನನಗೆ ಕಂಡಿತು. ಹೊಸ ನಿಬ್ಬಲ್ಲವೇ, ಪಳಗಬೇಕು ಎಂದು ಅವರೇ ಹೇಳಿದರು. ಆ ವಾರ ನಿಜವಾಗಿಯೂ ಚೆನ್ನಾಗಿ ಬರೆದರಂತೆ. ಮನುಷ್ಯನಿಗೆ ಧೈರ್ಯ ಬಂದರೆ ಕೈಗೂ ಕೆಲವು ದಿನ ಬರುತ್ತದೆ.

ಆಮೇಲೆ ಅದು ರವಿವಾರದ ಕೆಲಸವೇ ಆಯಿತು. ಸಣ್ಣ ಮೊನೆಯದು ಬೇಡ, ದಪ್ಪ ಮೊನೆ ಇರಲಿ. ದಪ್ಪದ್ದು ಕಾಗದಕ್ಕೆ ಅಂಟುತ್ತದೆ, ಗಟ್ಟಿ ನಿಬ್ಬು ಹಾಕು. ಶಾಯಿ ಜಾಸ್ತಿ ಇಳಿಯುತ್ತದೆ, ನಾಲಿಗೆ ಬದಲಿಸು. ನಾನೂ ಸುಮ್ಮನೆ ಕೂರಲಿಲ್ಲ. ಹಗುರ ಪೆನ್ನಾದರೆ ಕೈ ಹೆಚ್ಚು ಅಲುಗುತ್ತದೆ ಎಂದು ನನಗೆ ತೋಚಿತು. ಒಂದು ಹಳೆಯ ಪೆನ್ನಿನ ಒಳಗೆ ಹಿತ್ತಾಳೆಯ ಕೊಳವೆ ಇತ್ತು, ಅದರ ಮೈಯನ್ನು ತಂದು ಮಾಮಾನ ಪೆನ್ನಿಗೆ ತಿರುವಿದೆ. ಬೆರಳು ಹಿಡಿಯುವ ಜಾಗಕ್ಕೆ ಬೇರೊಂದು ಪೆನ್ನಿನ ದಪ್ಪ ಕತ್ತು ಹಾಕಿದೆ. ಟೋಪಿ ಕೂಡಲಿಲ್ಲ, ಇನ್ನೊಂದು ಟೋಪಿ ಹುಡುಕಿದೆ. ಹೀಗೆ ಮಾಡುತ್ತ ಮಾಡುತ್ತ ಆ ವಿಲಾಯತಿ ಪೆನ್ನಿನದು ಎಂದು ಹೇಳಲು ಏನೂ ಉಳಿಯಲಿಲ್ಲ. ಭಾರದ ಮೈ ಕೆಲವು ವಾರ ನಿಜಕ್ಕೂ ಆಸರೆಯಾಯಿತು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ನಡುಕ ಆ ಭಾರವನ್ನೂ ಎತ್ತಿಕೊಂಡು ನಡುಗತೊಡಗಿತು.

ಮಾಮಿ ಹೆಡ್ಡರಲ್ಲ. ದೊಡ್ಡ ದವಾಖಾನೆ ನಮ್ಮ ಚಾಳಿನಿಂದ ನಡೆದು ಹೋಗುವ ದೂರದಲ್ಲಿತ್ತು. ಒಂದು ದಿನ ಹಟ ಹಿಡಿದು ಮಾಮಾನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಚೀಟಿ ಬರೆಸುವ ಪಾಳಿಯಲ್ಲಿ ನಿಂತಾಗ ಅಲ್ಲಿನ ಗುಮಾಸ್ತ ಏನು ತ್ರಾಸು ಎಂದು ಕೇಳಿದನಂತೆ. ಮಾಮಾ ಅವನ ಅಕ್ಷರ ನೋಡಿದರು, ಸರಿಯಾಗಿ ಬರೆಯಲು ಬಾರದವನ ಕೈಯಿಂದ ನನ್ನ ಕೈಯ ಸುದ್ದಿ ಬರೆಸಬೇಕೇ ಎಂದರು, ಪಾಳಿ ಬಿಟ್ಟು ಬಂದುಬಿಟ್ಟರು. ಮನೆಗೆ ಬಂದ ಮೇಲೆ ಮಾಮಿ ನಕ್ಕೂ ನಕ್ಕರು, ಅತ್ತೂ ಅತ್ತರು.

ನನಗೆ ಸಿಟ್ಟು ಬರತೊಡಗಿತು. ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ. ಒಂದು ಸಲ ಮಾಮಾ ನಳಕ್ಕೆ ಹೋಗಿದ್ದಾಗ ಗ್ಯಾಲರಿಯಲ್ಲಿ ಮಾಮಿಗೆ ಹೇಳಿಯೇಬಿಟ್ಟೆ. ನಿಬ್ಬಿನಲ್ಲಿ ಏನೂ ಇಲ್ಲ, ಇನ್ನು ನನ್ನಿಂದ ಈ ನಾಟಕ ಆಗುವುದಿಲ್ಲ, ಅವರಿಗೆ ಇದ್ದದ್ದು ಇದ್ದಂತೆ ಹೇಳುತ್ತೇನೆ ಎಂದೆ. ಮಾಮಿ ಅಂಗಿಗಳ ಮೇಲಿನ ಕರಿ ಜಾಡಿಸುತ್ತಲೇ ಇದ್ದರು.

“ಅವರು ನಿಬ್ಬು ಕೇಳೂ ತನಕ ಆಫೀಸಿಗೆ ಹೋಗ್ತಾರ,” ಅಂದರು. “ಕೇಳೂದು ಬಿಟ್ಟ ದಿನ ಮನ್ಯಾಗ ಕೂಡ್ತಾರ. ಮನ್ಯಾಗ ಕೂತ್ರ ಮನಿ ಎಲ್ಲದನೋ? ನೀ ಹಾಕ್ಕೋತ ಹೋಗು.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಹಾಕುತ್ತ ಹೋದೆ. ಒಂದು ಸಂಗತಿಯಂತೂ ನಮಗೆ ಅನುಕೂಲವಾಗಿತ್ತು. ಅಂಗಡಿಯ ರೂಢಿಯನ್ನು ನಾನು ಮನೆಗೂ ತಂದಿದ್ದೆನಲ್ಲ, ಪೆನ್ನು ಸಿದ್ಧವಾದ ಮೇಲೆ ನಾನು ಉಗುರಿಗೆ ತಾಗಿಸುತ್ತಿದ್ದೆನೇ ಹೊರತು ಬರೆಯುತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಆ ಪೆನ್ನು ಇನ್ನೊಬ್ಬರ ಕೈಯಲ್ಲಿ ಹೇಗೆ ಬರೆಯುತ್ತದೆ ಎಂಬುದನ್ನು ಮಾಮಾ ನೋಡುವ ಪ್ರಸಂಗವೇ ಬರಲಿಲ್ಲ. ಹಾಗಾಗಿ ತಪ್ಪು ನಿಬ್ಬಿನದೇ ಆಗಿ ಉಳಿದಿತ್ತು.

ಆಫೀಸಿನಲ್ಲಿ ಮಾತ್ರ ಅಡ್ಡಗೆರೆ ಎಳೆದ ಷೇರುಪತ್ರಗಳು ಹೆಡ್ ಕ್ಲಾರ್ಕರ ಮೇಜಿನ ಮೇಲೆ ಕೂಡುತ್ತ ಹೋದವು. ಆ ಮನುಷ್ಯ ಕೆಟ್ಟವರಲ್ಲ. ಎಷ್ಟೋ ದಿನ ತಡೆದುಕೊಂಡರು. ಕಡೆಗೆ ಒಂದು ಶನಿವಾರ ಮಾಮಾನನ್ನು ಕರೆದು, ಸಾಹೇಬರು ಕೇಳುತ್ತಿದ್ದಾರೆ, ಸೋಮವಾರ ಅವರ ಮುಂದೆ ಕೂತು ಒಂದು ಷೇರುಪತ್ರ ಬರೆದು ತೋರಿಸಬೇಕು ಎಂದರಂತೆ. ಮಾಮಾ ಇದನ್ನು ಮನೆಗೆ ಬಂದು ಹೇಳಿದ್ದು ಕೋಟು ಕಳಚುತ್ತ, ನಾಳೆ ಮಳೆ ಬರಬಹುದು ಎನ್ನುವ ಧಾಟಿಯಲ್ಲಿ. ಗುಂಡಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಮಾಮಿ ಸಹಾಯಕ್ಕೆ ಹೋಗಲಿಲ್ಲ. ಹೋಗಬಾರದೆಂದು ಅವರಿಗೆ ಗೊತ್ತಿತ್ತು.

ನನ್ನ ಕಡೆ ತಿರುಗಿ, ನಿಮ್ಮ ಅಂಗಡಿಯಲ್ಲಿ ಇರುವುದರಲ್ಲೇ ಒಳ್ಳೆಯ ನಿಬ್ಬು ಯಾವುದು ಎಂದು ಕೇಳಿದರು. ಮಾಲಕರ ಗಲ್ಲಾಪೆಟ್ಟಿಗೆಯಲ್ಲಿ ಒಂದು ಇತ್ತು. ಯಾರೋ ರಿಪೇರಿಗೆಂದು ಕೊಟ್ಟು, ತಿರುಗಿ ಬಾರದೆ ಹೋದ ಪೆನ್ನಿನ ಬಂಗಾರದ ನಿಬ್ಬು. ಮಾಲಕರು ಅದನ್ನು ಯಾವ ಗಿರಾಕಿಗೂ ಕೊಟ್ಟಿರಲಿಲ್ಲ. ನಾನು ಅವರ ಮನೆಗೆ ಹೋಗಿ ಕೇಳಿದೆ. ವಿಷಯವನ್ನೆಲ್ಲ ಹೇಳಿದೆ. ಅವರು ನನ್ನ ಜೊತೆ ಬಂದು ಅಂಗಡಿಯ ಬೀಗ ತೆಗೆದು ನಿಬ್ಬನ್ನು ಕೈಗೆ ಕೊಟ್ಟರು. ಇದರಿಂದ ಏನೂ ಆಗಲಿಕ್ಕಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ರವಿವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಮಣೆ ಹಾಕಿಕೊಂಡು ಕೂತೆ. ಹೆಣ್ಣುಮಕ್ಕಳನ್ನು ಮಾಮಿ ಕೆಳಗೆ ಆಡಲು ಕಳಿಸಿದ್ದರು. ನಿಬ್ಬಿನ ಹಿಂಬದಿ ಸ್ವಲ್ಪ ಅಗಲವಿತ್ತು, ಅದಕ್ಕೆ ಹೊಂದುವ ನಾಲಿಗೆಯನ್ನು ತಿಕ್ಕಿ ಸಣ್ಣ ಮಾಡಿದೆ. ಮಾಮಾ ಎದುರಿಗೆ ಕೂತು ನೋಡುತ್ತಿದ್ದರು. ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದರು. ಶಾಯಿ ತುಂಬಿ ಉಗುರಿಗೆ ತಾಗಿಸಿದೆ. ಎಳ್ಳುಕಾಳಿನಷ್ಟು ಚುಕ್ಕೆ, ಸ್ವಲ್ಪವೂ ಹರಡಲಿಲ್ಲ. ಅಷ್ಟು ಒಳ್ಳೆಯ ಪೆನ್ನನ್ನು ನಾನು ಆ ಹಿಂದೆ ಕಟ್ಟಿರಲಿಲ್ಲ. ಕೈಗೆ ಕೊಟ್ಟೆ.

ಅವರು ಕಣ್ಣು ಮುಚ್ಚಿ ಒಂದು ಗಳಿಗೆ ಕೂತರು. ಆಮೇಲೆ ಶ್ರೀ ಬರೆದರು. ಸುರುಳಿ ಸುತ್ತುವಲ್ಲಿ ಪೆನ್ನು ತಡೆಯಿತು, ಮುಂದೆ ಹೋಗಲಾರದೆ ಅಲ್ಲೇ ಸಣ್ಣಸಣ್ಣಗೆ ಕುಪ್ಪಳಿಸಿತು. ಕೆಳಗಿನ ಒತ್ತು ಗರಗಸದ ಹಲ್ಲಿನ ಹಾಗಾಯಿತು. ಅದರ ಪಕ್ಕಕ್ಕೆ ಇನ್ನೊಂದು ಬರೆದರು, ಅದು ಇನ್ನೂ ಕೆಟ್ಟಿತು. ಪೆನ್ನನ್ನು ಕೆಳಗಿಟ್ಟರು. ನಾನು ಎಂದಿನಂತೆ, ಹೊಸದಲ್ಲವೇ, ಸ್ವಲ್ಪ ಪಳಗಲಿ ಎಂದು ಶುರು ಮಾಡಿದೆ. ಅವರು ಪೆನ್ನನ್ನು ನನ್ನ ಕಡೆ ತಳ್ಳಿದರು.

“ನೀ ಬರಿ.”

ಬೇಡ, ನಿಬ್ಬು ನನ್ನ ಕೈಗೆ ಒಗ್ಗಿಬಿಡುತ್ತದೆ ಎಂದೆ.

“ಅದು ಗಿರಾಕಿಗೆ ಹೇಳೂ ಮಾತು. ನೀ ಬರಿ.”

ಮಾಮಿ ಹಿಟ್ಟಿನ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು ಬಂದು ನಿಂತರು. ಅವರು ನನ್ನನ್ನು ನೋಡಲಿಲ್ಲ, ಪೆನ್ನನ್ನು ನೋಡಿದರು. ನನಗೆ ಭಯವಾಯಿತು. ನೆಟ್ಟಗೆ ಬರೆದರೆ ನಾಳೆ ಮಾಮಾ ಆಫೀಸಿಗೆ ಹೋಗುವುದಿಲ್ಲ, ಅದು ಖಂಡಿತ. ಹೋದರೆ ಏನಾಗುತ್ತದೆ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಇವತ್ತೊಂದು ದಿನ ದಾಟಿದರೆ ಸಾಕು ಅನ್ನಿಸಿತು. ಪೆನ್ನು ತೆಗೆದುಕೊಂಡೆ, ಕೈ ನಡುಗಿಸಿ ಶ್ರೀ ಬರೆದೆ.

ಕಷ್ಟವೇನೂ ಆಗಲಿಲ್ಲ. ತಿಂಗಳುಗಟ್ಟಲೆ ಆ ನಡುಕವನ್ನು ಹತ್ತಿರದಿಂದ ನೋಡಿದ್ದೆ. ಎಲ್ಲಿ ಪೆನ್ನು ತಡೆಯುತ್ತದೆ, ಸುರುಳಿಗೆ ಮೊದಲು ಹೇಗೆ ಹಿಂಜರಿಯುತ್ತದೆ, ಒತ್ತು ಎಳೆಯುವಾಗ ಹೇಗೆ ಹಲ್ಲು ಮೂಡುತ್ತದೆ, ಎಲ್ಲ ನನ್ನ ಕೈಗೆ ಪಾಠವಾಗಿತ್ತು. ನೋಡಿ ಮಾಮಾ, ನಿಬ್ಬೇ ಸರಿಯಿಲ್ಲ ಎಂದು ಹೇಳಿ ಕಾಗದವನ್ನು ಅವರ ಕಡೆ ತಿರುಗಿಸಿದೆ.

ಮಾಮಾ ಕಾಗದವನ್ನು ಎತ್ತಿ ಹಿಡಿದರು. ಅವರ ಎರಡು ಶ್ರೀ, ಪಕ್ಕದಲ್ಲಿ ನನ್ನದು. ಯಾವುದು ಯಾರದು ಎಂದು ಹೇಳುವಂತಿರಲಿಲ್ಲ. ನಿಬ್ಬು ಕೆಟ್ಟಿದ್ದರೆ ನನ್ನ ಅಕ್ಷರ ನನ್ನ ಹಾಗೆ ಕೆಡಬೇಕಿತ್ತು. ಅದು ಅವರ ಹಾಗೆ ಕೆಟ್ಟಿತ್ತು. ಉಪ್ಪಿನ ಪೊಟ್ಟಣದ ಮೇಲಿನ ಬರಹವನ್ನೂ ಬಿಡದೆ ನೋಡುವ ಮನುಷ್ಯನ ಮುಂದೆ ನಾನು ಇಂಥದನ್ನು ಇಟ್ಟಿದ್ದೆ.

“ಹಿಂಗ ಬರೀತೀನೇನು ನಾ?” ಎಂದು ಕೇಳಿದರು.

ಬೈಯುತ್ತಾರೆ, ಕಾಗದ ಹರಿಯುತ್ತಾರೆ ಎಂದು ಕಾದೆ. ಅವರು ಹರಿಯಲಿಲ್ಲ. ಮಡಚಿ ಮಣೆಯ ಕೆಳಗೆ ಇಟ್ಟರು. ಸಾಹೇಬರ ಮುಂದೆ ಕೂತು ತಾನು ಬರೆದು ತೋರಿಸುವುದಿಲ್ಲ ಎಂದರು. ಅದನ್ನು ಹೇಳಿದ್ದು ಮಾಮಿಗೆ. ಆಮೇಲೆ ನನ್ನ ಕಡೆ ನೋಡಿದರು.

“ಹೊಸಾ ಹಾಳಿ ತೊಗೋ. ಈಗ ನಿನ್ನ ಕೈಲೆ ಬರಿ.”

ಅವರು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಪ್ರಕೃತಿ ಸರಿಯಿಲ್ಲದ ಕಾರಣ ಕೆಲಸ ಬಿಡುತ್ತಿದ್ದೇನೆ, ಇಷ್ಟು ವರ್ಷ ನಡೆಸಿಕೊಂಡದ್ದಕ್ಕೆ ಋಣಿ. ಎಲ್ಲಿ ಸಾಲು ಮುರಿಯಬೇಕು, ಎಲ್ಲಿ ಎಷ್ಟು ಅಂಚು ಬಿಡಬೇಕು ಎಂದೂ ಹೇಳಿದರು. ನನ್ನ ಅಕ್ಷರ ಅಂಥ ಚೆಂದವೇನಲ್ಲ. ಆದರೆ ಪೆನ್ನು ಕಾಗದಕ್ಕೆ ಎಲ್ಲಿಯೂ ತೊಡರಲಿಲ್ಲ, ಶಾಯಿ ಎಲ್ಲಿಯೂ ತಪ್ಪಲಿಲ್ಲ. ನನ್ನ ಕಣ್ಣು ತುಂಬಿ ಸಾಲು ಕಾಣದಾದಾಗಲೂ ಅದು ನೆಟ್ಟಗೇ ಹೋಯಿತು. ಆ ಪೆನ್ನನ್ನು ಅಷ್ಟು ಚೆನ್ನಾಗಿ ಕೂಡಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಮಾಮಿ ಕೈಯ ಹಿಟ್ಟು ತಿಕ್ಕಿ ತಿಕ್ಕಿ ಉದುರಿಸುತ್ತ, ಖೋಲಿ ಯಾವಾಗ ಬಿಡಬೇಕು ಎಂದು ಕೇಳಿದರು. ತಿಂಗಳ ಕೊನೆಗೆ ಎಂದರು ಮಾಮಾ. ದಹಿಸರಿನಲ್ಲಿ ಗುರುತಿನವರೊಬ್ಬರು ಇದ್ದಾರೆ, ನೋಡೋಣ ಎಂದೂ ಹೇಳಿದರು. ದಹಿಸರ್ ಎಂದರೆ ಆಗ ಊರ ಹೊರಗಿನ ಹೊಲ, ಉಪ್ಪಿನ ಗದ್ದೆ. ಹೆಣ್ಣುಮಕ್ಕಳ ಸಾಲೆ ಏನು ಮಾಡುವುದು ಎಂದು ಮಾಮಿ ಕೇಳಲಿಲ್ಲ. ಕೆಳಗೆ ಅಂಗಳದಲ್ಲಿ ಅವರು ಕುಂಟಾಬಿಲ್ಲೆ ಆಡುವ ಸದ್ದು ಮೇಲೆ ಬರುತ್ತಿತ್ತು.

ಸಹಿ ಅವರೇ ಹಾಕಬೇಕಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಹಾಕಿದರು. ನಾನು ಆ ಕಡೆ ನೋಡದೆ ಕಿಟಕಿಯ ಹೊರಗೆ ನೋಡಿದೆ. ತಿರುಗಿದಾಗ ಅವರು ಕಾಗದವನ್ನು ಬೆಳಕಿಗೆ ಹಿಡಿದಿದ್ದರು. ತಮ್ಮ ಸಹಿಯ ಮೇಲೆ ಅವರ ಕಣ್ಣಿರಲಿಲ್ಲ. ನಾನು ಬರೆದ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ, ಬೇರೆಯವರ ಬರಹವನ್ನು ಯಾವಾಗಲೂ ನೋಡುವ ಹಾಗೆ, ಒಂದೊಂದೇ ಅಕ್ಷರವಾಗಿ ನೋಡಿದರು.

“ನಿಬ್ಬು ಭಾಳ ಛಲೋ ಅದ,” ಅಂದರು.